ಪರದೇಶದ ವರ್ಷವೂ ಮರಳಿ ಬರುವ ವಿದ್ಯೆಯೂ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದಲೇ ಕೇಳುತ್ತ ಬಂದಿದ್ದೇವೆ. ದೇಶ ಸುತ್ತಿದವನು ಮನೆಗೆ ಮರಳಿದ ಮೇಲೆ ಏನು ಮಾಡಬೇಕೆಂಬುದನ್ನು ಮಾತ್ರ ಆ ಗಾದೆಯು ಹೇಳುವುದಿಲ್ಲ. ಹೊರಡುವವನಿಗೆ ಹಾರ ಹಾಕುವವರು ಬಹಳ ಮಂದಿ. ಬುದ್ಧಿ ಹೇಳುವವರು ಅದಕ್ಕಿಂತಲೂ ಹೆಚ್ಚು. ಹಿಂದಿರುಗಿ ಬಂದವನನ್ನು ಎರಡು ದಿನ ಮಾತನಾಡಿಸಿ ಎಲ್ಲರೂ ತಂತಮ್ಮ ಕೆಲಸಕ್ಕೆ ತೆರಳುವರು. ಆದರೆ ಪರದೇಶದ ವಾಸದಲ್ಲಿ ಅದರ ಮುಕ್ತಾಯವೂ ಕಷ್ಟವಾದ ಭಾಗವೇ ಎಂದು ಈ ವಿಷಯವನ್ನು ಅಭ್ಯಸಿಸಿದವರು ಕಂಡುಕೊಂಡಿದ್ದಾರೆ. ಆದುದರಿಂದ ತರುಣರ ಸಾಂಸ್ಕೃತಿಕ ವಿನಿಮಯ ಯೋಜನೆಗಳೆಂದರೇನು, ಅವುಗಳಲ್ಲಿ ಒಂದು ವರ್ಷದ ದುಡಿಮೆಯು ಹೇಗೆ ನಡೆಯುತ್ತದೆ, ಆ ವರ್ಷವನ್ನು ಮುಗಿಸುವ ಬಗೆ ಯಾವುದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲೆಳಸುತ್ತೇವೆ. ಚೆನ್ನೈ ನಗರದ ಕನ್ನಡ ವಿದ್ಯಾರ್ಥಿಗಳಿಗೆ ಇದು ದೂರದ ಸಂಗತಿಯೆಂದು ತೋರಬಹುದು. ಅಷ್ಟೇನೂ ದೂರವಲ್ಲವೆಂಬುದು ಮುಂದೆ ತಿಳಿಯುವುದು.

ಮೊದಲು ಇವುಗಳ ಹುಟ್ಟನ್ನು ನೋಡೋಣ. ಇಂತಹ ಯೋಜನೆಗಳಲ್ಲಿ ಹಲವು ವಿಹಾರದ ಆಸೆಯಿಂದ ಹುಟ್ಟಿದವಲ್ಲ, ಯುದ್ಧದ ಬೂದಿಯಿಂದ ಹುಟ್ಟಿದವು. ಮೊದಲನೆಯ ಮಹಾಯುದ್ಧವು ಮುಗಿದ ಮೇಲೆ, ೧೯೨೦ರಲ್ಲಿ, ಪಿಯರ್ ಸೆರೆಸೋಲ್ ಎಂಬ ಸ್ವಿಟ್ಸರ್ಲೆಂಡಿನ ಇಂಜಿನಿಯರರು ಕೆಲವು ಮಂದಿ ಸಂಗಾತಿಗಳನ್ನು ಕೂಡಿಸಿಕೊಂಡು ಫ್ರಾನ್ಸಿನ ವೆರ್ದೂನ್ ಸಮೀಪದ ಹಾಳೂರೊಂದರಲ್ಲಿ ಗುಡಿಸಲು ಕಟ್ಟುವ, ಗುಂಡಿ ಮುಚ್ಚುವ ಕೆಲಸಕ್ಕೆ ಕೈಹಾಕಿದರು. ಆ ತಂಡದಲ್ಲಿ ಜರ್ಮನರೂ ಇದ್ದರು. ತಮ್ಮವರು ಕೆಡವಿದುದನ್ನು ತಾವೇ ಕಟ್ಟಿಕೊಡಲು ಬಂದಿದ್ದರು. ಗಾಯವಿನ್ನೂ ಹಸಿಯಾಗಿದ್ದುದರಿಂದ ಅಲ್ಲಿ ವಿರೋಧವೆದ್ದಿತು. ಮರು ವಸಂತದಲ್ಲಿ ತಂಡವು ಆ ಸ್ಥಳವನ್ನು ಬಿಡಬೇಕಾಯಿತು. ಆದರೂ ಆ ಬೀಜವು ಒಣಗಲಿಲ್ಲ. ಅದರಿಂದಲೇ ‘ಸರ್ವೀಸ್ ಸಿವಿಲ್ ಇಂಟರ್‌ನ್ಯಾಷನಲ್’ ಎಂಬ ಸಂಸ್ಥೆಯು ಬೆಳೆಯಿತು. ೧೯೩೪ರ ಜನವರಿ ೧೫ರಂದು ಬಿಹಾರವನ್ನು ಭೂಕಂಪವು ನೆಲಸಮ ಮಾಡಿದಾಗ, ಇದೇ ಸೆರೆಸೋಲರು ಭಾರತಕ್ಕೆ ಬಂದು, ರಾಜೇಂದ್ರ ಪ್ರಸಾದರು ನಡೆಸುತ್ತಿದ್ದ ಪರಿಹಾರ ಕಾರ್ಯದೊಡನೆ ಕೂಡಿ, ಹಳ್ಳಿಗಳನ್ನು ಮರಳಿ ಕಟ್ಟುವುದರಲ್ಲಿ ದುಡಿದರು.

ಎರಡನೆಯ ಮಹಾಯುದ್ಧವಾದ ಮೇಲೆಯೂ ಹೀಗೆಯೇ ಆಯಿತು. ರಣರಂಗದಲ್ಲಿ ಗಾಯಾಳುಗಳನ್ನು ಸಾಗಿಸುವ ಆಂಬ್ಯುಲೆನ್ಸುಗಳನ್ನು ನಡೆಸಿದ್ದ ಅಮೆರಿಕದ ಸ್ವಯಂಸೇವಕರು, ತಾವು ಕಂಡ ದುಃಖವು ಮುಂದಿನ ಪೀಳಿಗೆಗೆ ಬಾರದಿರಲೆಂದು, ೧೯೪೭ರಿಂದ ಶಾಲಾ ವಿದ್ಯಾರ್ಥಿಗಳನ್ನು ದೇಶದಿಂದ ದೇಶಕ್ಕೆ ಕಳುಹಿಸುವ ಕಾರ್ಯವನ್ನು ಕೈಗೊಂಡರು. ಇಂದು ಅನೇಕ ದೇಶಗಳಲ್ಲಿರುವ ಎ.ಎಫ್.ಎಸ್. ಸಂಸ್ಥೆ ಅದೇ. ಎಪ್ಪತ್ತೈದು ವರ್ಷಗಳಲ್ಲಿ ಮೂರು ಸಲ ಯುದ್ಧ ಮಾಡಿದ ಫ್ರಾನ್ಸ್ ಮತ್ತು ಜರ್ಮನಿಗಳು ೧೯೬೩ರ ಜನವರಿಯಲ್ಲಿ ಸ್ನೇಹದ ಒಪ್ಪಂದಕ್ಕೆ ಸಹಿಮಾಡಿ, ಅದೇ ವರ್ಷ ತರುಣರ ವಿನಿಮಯಕ್ಕೆಂದೇ ಒಂದು ಕಚೇರಿಯನ್ನು ಸ್ಥಾಪಿಸಿದವು. ಹಿರಿಯರು ಕಾಗದದ ಮೇಲೆ ಮಾಡಿದ ಸ್ನೇಹವು ಮಕ್ಕಳು ಒಂದೇ ಮೇಜಿನ ಮುಂದೆ ಕುಳಿತು ಉಂಡಾಗಲೇ ನಿಜವಾಗುವುದೆಂದು ಅವರು ಬಗೆದರು.

ನಮ್ಮ ನಾಡಿಗೂ ಇದರ ಪರಿಚಯ ಹಳೆಯದು. ೧೯೬೧ರಲ್ಲಿ ಅಮೆರಿಕ ಸರ್ಕಾರವು ಆರಂಭಿಸಿದ ‘ಪೀಸ್ ಕೋರ್’ ಪಡೆಯ ತರುಣ ತರುಣಿಯರು ೧೯೭೬ರ ವರೆಗೆ ಭಾರತದ ಅನೇಕ ಪ್ರಾಂತಗಳಲ್ಲಿ ಎರಡೆರಡು ವರ್ಷ ಇದ್ದು ದುಡಿದರು. ಅಂದಿನ ಮೈಸೂರು ರಾಜ್ಯಕ್ಕೂ ಅವರು ಬಂದಿದ್ದರು. ಬರುವ ಮೊದಲು ಕನ್ನಡ ಕಲಿತಿದ್ದರು. ಆದರೆ ಆ ಕಾಲದ ಬಹುಪಾಲು ಯೋಜನೆಗಳಲ್ಲಿ ಒಂದು ಕೊರತೆಯಿತ್ತು. ಸಂಪನ್ನ ದೇಶದವರು ಇತ್ತ ಬರುವರು. ಇತ್ತಣವರು ಅತ್ತ ಹೋಗಿ ಕೆಲಸ ಮಾಡುವ ಅವಕಾಶ ಅತಿ ವಿರಳ. ಕೊಡುವುದೂ ಕೊಳ್ಳುವುದೂ ಎರಡೂ ಇದ್ದರಲ್ಲವೆ ವಿನಿಮಯ? ಒಂದೇ ದಿಕ್ಕಿಗೆ ಹರಿಯುವುದನ್ನು ವಿನಿಮಯವೆನ್ನುವುದು ಹೇಗೆ?

ಈ ಕೊರತೆಯನ್ನು ನೀಗಿಸಲು ನಡೆದ ಪ್ರಯತ್ನಗಳಲ್ಲಿ ಜರ್ಮನಿಯದು ಗಮನಾರ್ಹವಾದುದು. ಆ ದೇಶದ ಅಭಿವೃದ್ಧಿ ಸಹಕಾರ ಸಚಿವಾಲಯವು ೨೦೦೮ರಲ್ಲಿ ‘ವೆಲ್ಟ್‌ವೆರ್ಟ್ಸ್’ ಎಂಬ ಯೋಜನೆಯನ್ನು ತೆರೆಯಿತು. ಜಗತ್ತಿನ ಕಡೆಗೆ ಎಂಬುದು ಆ ಹೆಸರಿನ ಅರ್ಥ. ಆರಂಭದಲ್ಲಿ ಜರ್ಮನ್ ತರುಣರು ಮಾತ್ರ ಹೊರಗೆ ಹೋಗುತ್ತಿದ್ದರು. ೨೦೧೩ರಿಂದೀಚೆಗೆ ಭಾರತವೇ ಮೊದಲಾದ ದೇಶಗಳ ತರುಣರೂ ಜರ್ಮನಿಗೆ ಹೋಗಿ ಸುಮಾರು ಒಂದು ವರ್ಷ ದುಡಿದು ಬರುವ ದಾರಿ ತೆರೆಯಿತು. ಬೆಂಗಳೂರಿನ ಎಫ್.ಎಸ್.ಎಲ್. ಇಂಡಿಯಾದಂತಹ ಸಂಸ್ಥೆಗಳು ಹೊರನಾಡಿನ ತರುಣರನ್ನು ಬರಮಾಡಿಕೊಳ್ಳುವುದರ ಜೊತೆಗೆ ನಮ್ಮವರನ್ನು ಕಳುಹಿಸುವ ಕಾರ್ಯವನ್ನೂ ಕೈಗೊಂಡವು. ಈ ಒಂದು ಉದಾಹರಣೆಯನ್ನೇ ಹಿಡಿದು ವರ್ಷದ ನಡೆಯನ್ನು ವಿವರಿಸುವೆವು.

ಹೋಗುವವರು ಹದಿನೆಂಟು ವರ್ಷ ತುಂಬಿದವರಾಗಿರಬೇಕು. ಅಲ್ಲಿ ಅವರು ೨೦೧೧ರಲ್ಲಿ ಏರ್ಪಟ್ಟ ಸಂಯುಕ್ತ ಸ್ವಯಂಸೇವಾ ಕಾನೂನಿನ ಮೇರೆಗೆ ಶಿಶುವಿಹಾರದಲ್ಲೋ, ವೃದ್ಧಾಶ್ರಮದಲ್ಲೋ, ಅಂಗವಿಕಲರು ದುಡಿಯುವ ಕಾರ್ಯಾಗಾರದಲ್ಲೋ, ತರುಣರ ಸಾಂಸ್ಕೃತಿಕ ಕೇಂದ್ರದಲ್ಲೋ ಕೆಲಸಕ್ಕೆ ನಿಲ್ಲುವರು. ಇದು ಸಂಬಳದ ಉದ್ಯೋಗವಲ್ಲ. ಇರಲು ಎಡೆ, ಊಟ, ಆರೋಗ್ಯ ವಿಮೆ, ಕೈಖರ್ಚಿಗೆ ಒಂದಿಷ್ಟು ಹಣ ದೊರೆಯುತ್ತದೆ. ಇದರ ಜೊತೆಗೆ ವರ್ಷಕ್ಕೆ ಇಪ್ಪತ್ತೈದು ದಿನಗಳ ವಿಚಾರಗೋಷ್ಠಿಗಳು ಕಡ್ಡಾಯ. ಆರಂಭದಲ್ಲಿ, ನಡುವಿನಲ್ಲಿ, ಕೊನೆಯಲ್ಲಿ ಬೇರೆ ಬೇರೆ ದೇಶಗಳಿಂದ ಬಂದ ಸ್ವಯಂಸೇವಕರು ಒಂದೆಡೆ ಕೂಡಿ ತಾವು ಕಂಡುಂಡುದನ್ನು ಚರ್ಚಿಸುವರು.

ಕೆಲಸವೇನೋ ಸರಳವೇ. ಮಕ್ಕಳಿಗೆ ಬೂಟು ತೊಡಿಸುವುದು, ಮುದುಕರನ್ನು ಗಾಲಿಕುರ್ಚಿಯಲ್ಲಿ ಹೊರಗೆ ಕರೆದೊಯ್ಯುವುದು, ಅಡುಗೆಮನೆಯಲ್ಲಿ ತಟ್ಟೆ ಒರೆಸುವುದು. ಕಷ್ಟವಿರುವುದು ಕೆಲಸದ ಸುತ್ತಣ ಬದುಕಿನಲ್ಲಿ. ಚೆನ್ನೈಯಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಕಿರಿದಾದ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರ. ಬರ್ಲಿನ್ ನಗರದಲ್ಲಾದರೋ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆಯನ್ನು ಮೀರುತ್ತದೆ, ಡಿಸೆಂಬರಿನದು ಎಂಟು ಗಂಟೆಯೂ ಇರುವುದಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಸೂರ್ಯನು ಮುಳುಗುವ ಆ ದಿನಗಳಲ್ಲಿ, ಸಂಜೆ ಏಳರ ವರೆಗೆ ಮರೀನಾ ಮರಳಿನಲ್ಲಿ ಆಡಿ ಬೆಳೆದವನ ಮನಸ್ಸು ಕುಗ್ಗಿದರೆ ಆಶ್ಚರ್ಯವಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಖಾಲಿ ಸೀಸೆಯನ್ನು ಎಸೆಯುವಂತಿಲ್ಲ. ಅಂಗಡಿಗೆ ಮರಳಿಸಿ ಅದರ ಮೇಲಿನ ಠೇವಣಿಯನ್ನು ಪಡೆಯಬೇಕು. ಇವೆಲ್ಲ ಸಣ್ಣ ಸಂಗತಿಗಳೇ. ಆದರೆ ದಿನಕ್ಕೆ ನೂರು ಸಣ್ಣ ಸಂಗತಿಗಳನ್ನು ಹೊಸದಾಗಿ ಕಲಿಯುವವನಿಗೆ ಸಂಜೆಯ ಹೊತ್ತಿಗೆ ದೊಡ್ಡ ಆಯಾಸವಾಗುವುದು.

ಭಾಷೆಯ ವಿಷಯದಲ್ಲಿ ನಮ್ಮ ವಿದ್ಯಾರ್ಥಿಗಳಿಗೆ ಒಂದು ಸಮಾಧಾನದ ಮಾತನ್ನು ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂತಹ ಬಾಗಿಲುಗಳು ತೆರೆಯುವುದಿಲ್ಲವೆಂಬ ಅಳುಕು ನಿಮ್ಮಲ್ಲಿ ಅನೇಕರಿಗಿದೆ. ಆದರೆ ಜರ್ಮನ್ ಶಿಶುವಿಹಾರದ ನಾಲ್ಕು ವರ್ಷದ ಮಗುವಿಗೆ ಇಂಗ್ಲಿಷ್ ಬಾರದು. ಅದರೊಡನೆ ಆಡಬೇಕಾದವರೆಲ್ಲರೂ, ಯಾವ ಶಾಲೆಯಿಂದ ಬಂದವರಾದರೂ ಸರಿ, ಜರ್ಮನ್ ಭಾಷೆಯ ಮೊದಲನೆಯ ಅಕ್ಷರದಿಂದಲೇ ಆರಂಭಿಸಬೇಕು. ಆ ಭಾಷೆಯಲ್ಲಿ ಆಪ್ತರಿಗೆ ‘ಡು’ ಎಂದೂ ಗೌರವಕ್ಕೆ ‘ಝೀ’ ಎಂದೂ ಎರಡು ಸಂಬೋಧನೆಗಳುಂಟು. ಇಂಗ್ಲಿಷ್ ಒಂದನ್ನೇ ಬಲ್ಲವನಿಗೆ ಇದು ಗೊಂದಲ. ನೀನು, ನೀವು ಎಂಬ ಭೇದವನ್ನು ತಾಯಿಯಿಂದ ಕಲಿತ ನಿಮಗೆ ಗೊಂದಲವೆಲ್ಲಿಯದು? ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷಿನ ಪಾಠ, ಹೀಗೆ ದಿನಕ್ಕೆ ಮೂರು ಸಲ ನಾಲಿಗೆಯನ್ನು ಹೊರಳಿಸುವವರು ನಾಲ್ಕನೆಯದಕ್ಕೆ ಹೆದರಬೇಕಾಗಿಲ್ಲ. ನುಂಗಂಬಾಕ್ಕಂನಲ್ಲಿ ಗ್ಯೋಥೆ ಸಂಸ್ಥೆಯ ಮ್ಯಾಕ್ಸ್ ಮುಲ್ಲರ್ ಭವನವು ಆ ಭಾಷೆಯನ್ನು ಕಲಿಸುತ್ತಿದೆ.

ಇನ್ನು ವರ್ಷದ ಮುಕ್ತಾಯಕ್ಕೆ ಬರೋಣ. ಮುಗಿಸುವುದೆಂದರೆ ಪೆಟ್ಟಿಗೆ ಕಟ್ಟುವುದಷ್ಟೇ ಅಲ್ಲ. ಜರ್ಮನಿಯಲ್ಲಿ ಊರಿಗೆ ಬಂದವರು ಪುರಸಭೆಯ ಕಚೇರಿಯಲ್ಲಿ ಹೆಸರು ಬರೆಸುವಂತೆ, ದೇಶ ಬಿಡುವಾಗ ಹೆಸರು ತೆಗೆಸಲೂ ಬೇಕು. ಬ್ಯಾಂಕಿನ ಖಾತೆಯನ್ನು ಮುಚ್ಚಬೇಕು, ಕೋಣೆಯ ಬೀಗದಕೈಯನ್ನು ಒಪ್ಪಿಸಬೇಕು. ಸೇವೆಯ ಪ್ರಮಾಣಪತ್ರವನ್ನು ಕೇಳಿ ಪಡೆಯಬೇಕು. ಇಷ್ಟು ದಿನ ಇದ್ದನೆಂದು ಮಾತ್ರವಲ್ಲದೆ ಏನೇನು ಕೆಲಸ ಮಾಡಿದನೆಂಬುದೂ ಅದರಲ್ಲಿದ್ದರೆ ಮುಂದೆ ಉಪಯೋಗಕ್ಕೆ ಬರುವುದು. ವೀಸಾ ಆ ಸೇವೆಗೆಂದು ಕೊಟ್ಟದ್ದಾದುದರಿಂದ ಅದರ ಅವಧಿಯನ್ನು ಮರೆಯಕೂಡದು. ಇವು ಕಾಗದದ ಕೆಲಸಗಳು. ಇವಕ್ಕಿಂತ ಮಿಗಿಲಾದುದು ಮನುಷ್ಯರ ಕೆಲಸ. ಪ್ರತಿದಿನ ತನ್ನ ಕೈಹಿಡಿದು ನಡೆಯುತ್ತಿದ್ದ ಮುದುಕಿಗೆ, ತಾನು ಮುಂದಿನ ತಿಂಗಳು ಇರುವುದಿಲ್ಲವೆಂದು ಸಾಕಷ್ಟು ಮೊದಲೇ ತಿಳಿಸಬೇಕು. ತನ್ನ ಸ್ಥಾನಕ್ಕೆ ಬರುವವನಿಗಾಗಿ ನಾಲ್ಕು ಮಾತು ಬರೆದಿಡಬೇಕು: ಯಾವ ಮಗುವಿಗೆ ಯಾವ ತಿನಿಸು ಒಗ್ಗದು, ಯಾರಿಗೆ ಗಟ್ಟಿಯಾಗಿ ಮಾತನಾಡಬೇಕು, ಯಾವ ಬಾಗಿಲಿನ ಕೊಂಡಿ ಸಡಿಲ. ಹೇಳದೆ ಹೊರಟವನು ವರ್ಷವನ್ನು ಮುಗಿಸಿದಂತಾಗಲಿಲ್ಲ, ನಡುವೆ ಹರಿದಂತಾಯಿತು.

ಇಷ್ಟನ್ನೆಲ್ಲ ಮಾಡಿದರೂ ವರ್ಷವು ಪೂರ್ಣವಾಗುವುದಿಲ್ಲ. ಅದೇಕೆಂಬುದಕ್ಕೆ ವಿದ್ವಾಂಸರ ಶೋಧನೆಯೊಂದನ್ನು ಇಲ್ಲಿ ಹೇಳಬೇಕಾಗಿದೆ. ೧೯೫೫ರಲ್ಲಿ ಸ್ವೆರ್ರೆ ಲಿಸ್‌ಗೋರ್ ಎಂಬ ನಾರ್ವೆಯ ಸಮಾಜಶಾಸ್ತ್ರಜ್ಞರು, ಫುಲ್‌ಬ್ರೈಟ್ ವೇತನ ಪಡೆದು ಅಮೆರಿಕದಲ್ಲಿದ್ದು ಬಂದ ಸುಮಾರು ೨೦೦ ಮಂದಿ ನಾರ್ವೆಯವರನ್ನು ವಿಚಾರಿಸಿ ಒಂದು ಲೇಖನವನ್ನು ಪ್ರಕಟಿಸಿದರು. ಆರು ತಿಂಗಳಿಗಿಂತ ಕಡಮೆ ಇದ್ದವರು ಸುಖವಾಗಿ ಹೊಂದಿಕೊಂಡೆವೆಂದರು. ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಹಾಗೆಯೇ ಹೇಳಿದರು. ನಡುವಿನ ಅವಧಿಯವರು ಮಾತ್ರ ಅಷ್ಟು ಚೆನ್ನಾಗಿ ಹೊಂದಿಕೊಂಡಿರಲಿಲ್ಲ. ಮೊದಲು ಹಿಗ್ಗು, ಆಮೇಲೆ ಕುಗ್ಗು, ಕೊನೆಗೆ ಮತ್ತೆ ಏರಿಕೆ: ಬಾವಿಗೆ ಇಳಿಬಿಟ್ಟ ಹಗ್ಗವು ಕೊಡದೊಡನೆ ಮೇಲಕ್ಕೆ ಬರುವ ಹಾಗೆ. ಹೊಸ ನಾಡಿನಲ್ಲಿ ಗುರುತಿನ ಚಿಹ್ನೆಗಳೆಲ್ಲ ತಪ್ಪಿಹೋದಾಗ ಉಂಟಾಗುವ ಈ ಕಳವಳವನ್ನು ಕಾಲೆರ್ವೊ ಒಬರ್ಗ್ ಎಂಬ ಮಾನವಶಾಸ್ತ್ರಜ್ಞರು ೧೯೬೦ರ ತಮ್ಮ ಲೇಖನದಲ್ಲಿ ‘ಸಂಸ್ಕೃತಿಯ ಆಘಾತ’ ಎಂಬ ಅರ್ಥದ ಹೆಸರಿನಿಂದ ವಿವರಿಸಿದರು. ೧೯೬೩ರಲ್ಲಿ ಗಲ್ಲಾಹಾರ್ನ್ ದಂಪತಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸ್ವದೇಶಕ್ಕೆ ಮರಳಿದಾಗಲೂ ಇದೇ ಇಳಿತ ಏರಿಕೆಗಳು ಎರಡನೆಯ ಸಲ ಬರುವುವೆಂದು ತೋರಿಸಿದರು. ಎಲ್ಲರಿಗೂ ಹೀಗೆಯೇ ಆಗುವುದಿಲ್ಲ, ಕೆಲವರಿಗೆ ಮೊದಲ ದಿನವೇ ಅತಿ ಕಷ್ಟದ್ದೆಂದು ಅನಂತರದ ಶೋಧಕರು ತಿದ್ದಿದ್ದಾರೆ. ಆದರೂ ಮುಖ್ಯವಾದ ಮಾತು ಉಳಿಯಿತು: ಹೋಗುವುದಕ್ಕೆ ಸಿದ್ಧತೆ ಬೇಕಾದಷ್ಟೇ ಮರಳುವುದಕ್ಕೂ ಸಿದ್ಧತೆ ಬೇಕು.

ಈ ಲೆಕ್ಕವನ್ನು ನಮ್ಮ ವಿಷಯಕ್ಕೆ ಹೊಂದಿಸಿ ನೋಡಿರಿ. ಹನ್ನೆರಡು ತಿಂಗಳೆಂಬುದು ಆರಕ್ಕೂ ಹದಿನೆಂಟಕ್ಕೂ ಸರಿಯಾಗಿ ನಡುವೆ ಬೀಳುತ್ತದೆ. ಎಂದರೆ, ಒಂದು ವರ್ಷದ ಯೋಜನೆಯಲ್ಲಿ ಹೋದವನು ಮರಳಿ ಬರುವುದು ಕೊಡವು ಬಾವಿಯಲ್ಲಿರುವಾಗಲೇ. ಭಾಷೆ ಆಗ ತಾನೇ ನಾಲಿಗೆಗೆ ಒಲಿದಿರುತ್ತದೆ, ಸ್ನೇಹ ಆಗ ತಾನೇ ಗಟ್ಟಿಯಾಗಿರುತ್ತದೆ. ಅಷ್ಟರಲ್ಲಿ ವಿಮಾನ ಏರುವ ದಿನ ಬಂದೊದಗುತ್ತದೆ. ಹಾಗಾದರೆ ಕೊಡವನ್ನು ಮೇಲಕ್ಕೆಳೆಯುವುದು ಎಲ್ಲಿ? ಮನೆಯಲ್ಲಿ. ಪರದೇಶದ ವರ್ಷದ ಉಳಿದರ್ಧವನ್ನು ಸ್ವದೇಶದಲ್ಲಿಯೇ ಮುಗಿಸಬೇಕು. ಇದೇ ಈ ಲೇಖನದ ಸಾರ.

ಮೀನಂಬಾಕ್ಕಂನಲ್ಲಿ ಇಳಿದವನಿಗೆ ಮೊದಲ ವಾರ ಹಬ್ಬದಂತೆ ಕಳೆಯುತ್ತದೆ. ನೆಂಟರು ಬಂದು ಮೂರು ಪ್ರಶ್ನೆಗಳನ್ನು ಕೇಳುತ್ತಾರೆ: ಊಟಕ್ಕೇನು ಮಾಡಿದೆ, ಎಷ್ಟು ಹಣ ಉಳಿಸಿದೆ, ಮುಂದೇನು? ಎರಡನೆಯದಕ್ಕೆ ಅವನಲ್ಲಿ ಉತ್ತರವಿಲ್ಲ. ಮೂರನೆಯದು ಅವನಿಗೇ ತಿಳಿಯದು. ಸಹಪಾಠಿಗಳು ಕಾಲೇಜಿನಲ್ಲಿ ಒಂದು ವರ್ಷ ಮುಂದೆ ಹೋಗಿರುತ್ತಾರೆ. ಬೀದಿಯ ಸದ್ದು ಹೊಸದಾಗಿ ಕೇಳಿಸುತ್ತದೆ. ‘ಅಲ್ಲಿ ಹೀಗಲ್ಲ’ ಎಂಬ ಮಾತು ಬಾಯಿಗೆ ಬಂದುಬಿಡುತ್ತದೆ. ಹತ್ತು ಸಲ ಇದನ್ನು ಕೇಳಿದ ತಂಗಿ ಹನ್ನೊಂದನೆಯ ಸಲಕ್ಕೆ ‘ಹಾಗಾದರೆ ಅಲ್ಲಿಯೇ ಇರಬೇಕಿತ್ತು, ಅಣ್ಣ’ ಎಂದರೆ, ತಪ್ಪು ಅವಳದಲ್ಲ. ಅವಳಿಗೂ ಆ ವರ್ಷ ನಡೆದಿದೆ. ಅಜ್ಜಿಯ ಕಾಯಿಲೆ, ಮನೆ ಬದಲಾಯಿಸಿದ್ದು, ಅಪ್ಪನ ಹೋಟೆಲಿನ ಕಷ್ಟ, ಎಲ್ಲವೂ ಇವನಿಲ್ಲದೆ ನಡೆದಿವೆ. ಆದುದರಿಂದ ಮರಳಿ ಬಂದವನ ಮೊದಲ ಕರ್ತವ್ಯ ಹೇಳುವುದಲ್ಲ, ಕೇಳುವುದು.

ಎರಡನೆಯದು ಬರೆಯುವುದು. ಮೊದಲ ತಿಂಗಳಲ್ಲಿಯೇ ಬರೆದಿಡದಿದ್ದರೆ ಹೆಸರುಗಳು, ರುಚಿಗಳು, ಮಾತಿನ ಧಾಟಿಗಳು ಮಾಸಿಹೋಗುವುವು. ಮೂರನೆಯದು ಸಂಬಂಧವನ್ನು ಉಳಿಸಿಕೊಳ್ಳುವುದು: ಉಪಚರಿಸಿದ ಮನೆಯವರಿಗೆ ವರ್ಷಕ್ಕೆ ಎರಡು ಪತ್ರ, ಕಲಿತ ಭಾಷೆಯಲ್ಲಿ ವಾರಕ್ಕೆ ನಾಲ್ಕು ಪುಟ ಓದು. ನಾಲ್ಕನೆಯದು ಎಲ್ಲಕ್ಕೂ ಹಿರಿದು: ಅಲ್ಲಿ ಮಾಡಿದ ಕೆಲಸದಲ್ಲಿ ಒಂದನ್ನು ಇಲ್ಲಿ ಮಾಡುವುದು. ಅಲ್ಲಿ ಅಂಗವಿಕಲ ಮಕ್ಕಳ ಸೇವೆಯನ್ನು ಕಲಿತವನಿಗೆ ಈ ಊರಿನಲ್ಲಿ ಕೆಲಸವಿಲ್ಲವೆ? ಕೋಟ್ಟೂರುಪುರದಲ್ಲಿ ವಿದ್ಯಾಸಾಗರ್ ಸಂಸ್ಥೆಯು ೧೯೮೫ರಿಂದ ಅಂಥ ಮಕ್ಕಳಿಗಾಗಿ ದುಡಿಯುತ್ತ ಬಂದಿದೆ. ಪರದೇಶದ ಮುದುಕಿಯ ಗಾಲಿಕುರ್ಚಿಯನ್ನು ಒಂದು ವರ್ಷ ತಳ್ಳಿದವನು, ತನ್ನ ಬೀದಿಯ ಮುದುಕಿಗೆ ರಸ್ತೆ ದಾಟಿಸದಿದ್ದರೆ, ಅವನು ಪ್ರಯಾಣ ಮಾಡಿದನಷ್ಟೆ, ವಿನಿಮಯ ಮಾಡಲಿಲ್ಲ.

ಪರದೇಶದ ವಾಸವನ್ನು ಹೀಗೆ ಮನೆಯ ನೆಲದಲ್ಲಿ ಫಲಕ್ಕೆ ತಂದವರು ಕನ್ನಡಿಗರಲ್ಲಿ ವಿರಳರಲ್ಲ. ಅವರು ಹೋದದ್ದು ಸೇವೆಗಲ್ಲ, ವ್ಯಾಸಂಗಕ್ಕೆ. ಆದರೂ ಅವರ ದೃಷ್ಟಾಂತ ಇಲ್ಲಿಗೆ ಸಲ್ಲುವುದು. ಗಿರೀಶ ಕಾರ್ನಾಡರು ೧೯೬೦ರಲ್ಲಿ ರ‍್ಹೋಡ್ಸ್ ವಿದ್ಯಾರ್ಥಿವೇತನದಿಂದ ಆಕ್ಸ್‌ಫರ್ಡಿಗೆ ಹೊರಡಲಿದ್ದರು. ಮಗನು ಹಿಂದಿರುಗುವನೋ ಇಲ್ಲವೋ ಎಂಬ ಆತಂಕವು ಮನೆಯಲ್ಲಿ ತುಂಬಿದ್ದ ಆ ದಿನಗಳಲ್ಲಿ ಅವರು ‘ಯಯಾತಿ’ ನಾಟಕವನ್ನು ಬರೆದರು. ಇಂಗ್ಲಿಷ್ ಕವಿಯಾಗಬೇಕೆಂದು ಹಂಬಲಿಸಿದ್ದ ಅವರಿಗೆ ನಾಟಕವು ಕನ್ನಡದಲ್ಲಿ ಬಂದುದು ಅವರನ್ನೇ ಬೆರಗುಗೊಳಿಸಿತು. ೧೯೬೩ರಲ್ಲಿ ಅವರು ಮರಳಿದುದು ಎಲ್ಲಿಗೆ? ನಮ್ಮ ಈ ಊರಿಗೇ. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಮದರಾಸು ಶಾಖೆಯಲ್ಲಿ ಏಳು ವರ್ಷ ಕೆಲಸ ಮಾಡುತ್ತ, ‘ಮದ್ರಾಸ್ ಪ್ಲೇಯರ್ಸ್’ ನಾಟಕ ತಂಡದೊಡನೆ ರಂಗದ ಮೇಲೆ ದುಡಿದರು. ‘ತುಘಲಕ್’ ಪ್ರಕಟವಾದುದು ೧೯೬೪ರಲ್ಲಿ, ಅವರು ಇಲ್ಲಿದ್ದಾಗ.

ಯು. ಆರ್. ಅನಂತಮೂರ್ತಿಯವರ ಸಂಗತಿಯೂ ಬೋಧಪ್ರದವಾದುದು. ೧೯೬೩ರಿಂದ ೧೯೬೬ರ ವರೆಗೆ ಅವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಿಂದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದರು. ಅಲ್ಲಿ ಸ್ವೀಡನ್ನಿನ ಬರ್ಗ್‌ಮನ್ನರ ‘ದಿ ಸೆವೆಂತ್ ಸೀಲ್’ ಎಂಬ ಚಲನಚಿತ್ರವನ್ನು ನೋಡಿದುದೇ ‘ಸಂಸ್ಕಾರ’ ಕಾದಂಬರಿಯನ್ನು ಬರೆಯಲು ಪ್ರೇರಣೆಯಾಯಿತು. ಮಲೆನಾಡಿನ ಅಗ್ರಹಾರವೊಂದು ಅವರಿಗೆ ಅಷ್ಟು ಸ್ಪಷ್ಟವಾಗಿ ಕಂಡುದು ಸಾವಿರಾರು ಮೈಲಿ ದೂರದ ನಗರದಿಂದ. ದೂರಕ್ಕೆ ಹೋಗುವುದರ ನಿಜವಾದ ಲಾಭವು ಇದೇ ಎನ್ನಬಹುದು: ಹತ್ತಿರದ್ದು ಕಾಣುತ್ತದೆ. ಇಬ್ಬರೂ ಹೊರಗೆ ಕಲಿತದ್ದನ್ನು ಕನ್ನಡಕ್ಕೆ ತಂದರು. ಕನ್ನಡವನ್ನು ಹೊರಗೆ ಬಿಟ್ಟು ಬರಲಿಲ್ಲ.

ಕೊನೆಗೆ ನಿಮಗಾಗಿ ಕೆಲವು ವ್ಯಾವಹಾರಿಕ ಮಾತುಗಳು. ಎನ್.ಸಿ.ಸಿ.ಯಲ್ಲಿರುವವರು ದೆಹಲಿಯ ಗಣರಾಜ್ಯೋತ್ಸವ ಶಿಬಿರದ ವರೆಗೆ ಏರಿದರೆ, ಅಲ್ಲಿಂದ ತರುಣ ವಿನಿಮಯ ತಂಡಕ್ಕೆ ಆಯ್ಕೆಯಾಗುವ ಅವಕಾಶವಿದೆ. ಅದು ಕೆಲವೇ ದಿನಗಳ ಪ್ರವಾಸ. ರೋಟರಿ ಸಂಸ್ಥೆಯ ದೀರ್ಘಾವಧಿಯ ವಿನಿಮಯದಲ್ಲಿ ಪ್ರೌಢಶಾಲೆಯ ವಯಸ್ಸಿನವರು ಒಂದು ಶಾಲಾ ವರ್ಷವನ್ನು ಪರದೇಶದ ಕುಟುಂಬಗಳಲ್ಲಿದ್ದು ಕಳೆಯುವರು. ಪ್ರಯಾಣದ ವೆಚ್ಚ ಮನೆಯವರದು. ದುಡಿಮೆಯ ವರ್ಷಕ್ಕೆ ಹದಿನೆಂಟು ತುಂಬಬೇಕು. ಯಾವುದಕ್ಕೆ ಹೋಗುವುದಾದರೂ ಕರಾರನ್ನು ಬರಹದಲ್ಲಿ ಪಡೆದು ಹಿರಿಯರೊಡನೆ ಓದಿರಿ. ಸೇವೆಯ ಹೆಸರಿನಲ್ಲಿ ದೊಡ್ಡ ಮೊತ್ತ ಕೇಳುವ ದಳ್ಳಾಳಿಗಳಿಂದ ದೂರವಿರಿ. ಈ ದಾರಿಯು ಹೊರದೇಶದಲ್ಲಿ ನೆಲೆಸುವುದಕ್ಕಲ್ಲ ಎಂಬುದನ್ನು ಮೊದಲೇ ಅರಿತಿರಿ.

ನಿಮ್ಮಲ್ಲಿ ಅನೇಕರ ಅಜ್ಜಂದಿರು ಉಡುಪಿ, ಕುಂದಾಪುರಗಳ ಕಡೆಯಿಂದ ಕೈಚೀಲವೊಂದನ್ನು ಹಿಡಿದು ಈ ನಗರಕ್ಕೆ ಬಂದವರು. ಅರಿಯದ ಊರಿನಲ್ಲಿ ಅರಿಯದ ಭಾಷೆಯನ್ನು ಕಲಿತು, ನೆರೆಯವರ ವಿಶ್ವಾಸವನ್ನು ಗಳಿಸಿ, ತಮ್ಮ ನುಡಿಯನ್ನೂ ಉಳಿಸಿಕೊಂಡರು. ಅವರಿಗೆ ಯಾವ ಯೋಜನೆಯ ನೆರವೂ ಇರಲಿಲ್ಲ, ಯಾರೂ ಪ್ರಮಾಣಪತ್ರ ಕೊಡಲಿಲ್ಲ. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ‘ಮದ್ರಾಸಿನವರು ಬಂದರು’ ಎಂದೂ, ಇಲ್ಲಿ ‘ಕನ್ನಡದವರು’ ಎಂದೂ ಕರೆಯಿಸಿಕೊಳ್ಳುವ ನೀವು, ಎರಡು ನೆಲೆಗಳ ನಡುವೆ ಬಾಳುವ ಪಾಠದ ಮೊದಲನೆಯ ಪುಟವನ್ನು ಆಗಲೇ ಓದಿದ್ದೀರಿ. ಮುಂದಿನ ಪುಟಗಳು ಯಾವ ದೇಶದಲ್ಲಿ ತೆರೆದರೂ ಧೈರ್ಯವಾಗಿ ಓದಿರಿ. ಓದಿದುದನ್ನು ಮನೆಗೆ ತನ್ನಿರಿ. ನಿಮಗೆ ಶುಭವಾಗಲಿ.